ತಂಬಾಕಿನ ಸುಂಕ ಮತ್ತು ನಮ್ಮ ಊರುಗಳು

ಸಿಗರೇಟಿನ ತೆರಿಗೆ ಏರಿಸಬೇಕೆಂಬ ಚರ್ಚೆ ಬಜೆಟ್ ಬಂದಾಗಲೆಲ್ಲ ಏಳುತ್ತದೆ. ಈ ಸುಂಕದ ಕತೆ ಹಳೆಯದು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟಿಷ್ ಸರ್ಕಾರ ತಂಬಾಕಿನ ಮೇಲೆ ಅಬಕಾರಿ ಸುಂಕ ಹೇರಿತು. ಆಗ ಗದಗ-ಬೆಟಗೇರಿ, ಮುಂಡರಗಿ ಮುಂಬಯಿ ಪ್ರಾಂತ್ಯದಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜದ್ದು. ಇಷ್ಟು ಹತ್ತಿರದ ಊರುಗಳಿಗೆ ಮೂರು ಆಡಳಿತ! 1948ರಲ್ಲಿ ಸಂಸ್ಥಾನಗಳು ವಿಲೀನವಾದವು, ಗಡಿ ಅಳಿಯಿತು, ಸುಂಕ ಉಳಿಯಿತು.

ಆದರೆ ಬಡವನ ಕೈಯಲ್ಲಿರುವುದು ಹೆಚ್ಚಾಗಿ ಬೀಡಿ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿಗೆ ಶೇ. 40 ಎಂದು ನಿರ್ಧರಿಸಿತು. ಬೀಡಿಯನ್ನು ಮಾತ್ರ ಶೇ. 28ರಿಂದ 18ಕ್ಕೆ ಇಳಿಸಲು ಒಪ್ಪಿತು. ಬೀಡಿ ಕಟ್ಟುವವರ ಹೊಟ್ಟೆಪಾಡಿನ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು; ಅವರಲ್ಲಿ ಕರಾವಳಿಯ ಮುಸ್ಲಿಂ ಮನೆಗಳ ಹೆಂಗಸರೂ ಇದ್ದಾರೆ. ಹಾಗೆಂದು ಗದಗದ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲನ ಎದೆಗೆ ಬೀಡಿಯ ಹೊಗೆ ಸಿಗರೇಟಿನದಕ್ಕಿಂತ ಮೃದುವೇನಲ್ಲ.

ಇಬ್ಬರನ್ನೂ ನೆನೆದ ತೆರಿಗೆಯೊಂದಿತ್ತು. ಬೀಡಿಯ ಮೇಲೆಯೇ ವಸೂಲಾಗಿ, ಬೀಡಿ ಕಾರ್ಮಿಕರ ಚಿಕಿತ್ಸೆಗೆ, ಅವರ ಮಕ್ಕಳ ವಿದ್ಯಾರ್ಥಿವೇತನಕ್ಕೆ ಹೋಗುತ್ತಿದ್ದ 1976ರ ಕಾನೂನಿನ ಕಲ್ಯಾಣ ಸೆಸ್ ಅದು. 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು. ಸಿಗರೇಟಿನ ಗದ್ದಲದ ನಡುವೆ ಅದನ್ನು ಮರಳಿ ತರುವ ಮಾತು ನಮಗಿನ್ನೂ ಕೇಳಿಸಿಲ್ಲ.