ವೈಫಲ್ಯ ವಿಶ್ಲೇಷಣೆ (ಯಂತ್ರ ನಿರ್ವಹಣೆ)

ಕೆಟ್ಟ ಭಾಗವನ್ನು ಬದಲಿಸಿ ಸುಮ್ಮನಾಗದೆ, ಅದು ಕೆಟ್ಟದ್ದೇಕೆಂದು ಪತ್ತೆಹಚ್ಚುವ ತಾಂತ್ರಿಕ ವಿಧಾನ. ಬೆಂಗಳೂರಿನ ಕಲಾಸಿಪಾಳ್ಯದ ಗ್ಯಾರೇಜಿರಲಿ, ದೊಡ್ಡ ಕಾರ್ಖಾನೆಯಿರಲಿ, ಸುಟ್ಟ ಮೋಟಾರಿಗೆ ರೀವೈಂಡಿಂಗ್ ಮಾಡಿಸುವುದು ಸುಲಭ. ಆದರೆ ಬೇರಿಂಗ್ ಬಿಗಿದದ್ದೇ ಮೂಲ ಕಾರಣವಾಗಿದ್ದರೆ ಹೊಸ ವೈಂಡಿಂಗೂ ಸುಡುತ್ತದೆ. ಮುರಿದ ಶಾಫ್ಟಿನ ಮುಖದಲ್ಲಿ ಮರಳುದಂಡೆಯ ಅಲೆಗುರುತಿನಂಥ ಬಾಗುಗೆರೆಗಳಿದ್ದರೆ ಅದು ಒಂದೇ ಏಟಿಗೆ ಮುರಿದದ್ದಲ್ಲ, ಬಿರುಕು ನಿಧಾನವಾಗಿ ಬೆಳೆದಿದೆ. ಗೆರೆಗಳು ಹೊರಟ ಜಾಗ ಹೆಚ್ಚಾಗಿ ಕೀಲಿ ಕೂರುವ ತೋಡಿನ (ಕೀವೇ) ಮೂಲೆಯೋ ತುಕ್ಕಿನ ಗುಳಿಯೋ ಆಗಿರುತ್ತದೆ. ಗ್ಯಾರೇಜಿನಲ್ಲಿ ಈ ಮುಖವನ್ನೇ ಉಜ್ಜಿ ವೆಲ್ಡ್ ಮಾಡಿಬಿಡುವುದುಂಟು. ಸಾಕ್ಷ್ಯ ಅಲ್ಲಿಗೆ ಮುಗಿಯಿತು.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯಲ್ಲಿ ಚೈನ್ ತುಂಡಾಗಿ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಸ್ಟಾಪ್‌ಲಾಗ್ (ತಡೆಹಲಗೆ) ಇಳಿಸಿ ನೀರು ತಡೆಯುವಷ್ಟರಲ್ಲಿ ಜಲಾಶಯದಿಂದ ಬಹಳ ನೀರು ಹರಿದುಹೋಗಿತ್ತು. ಅಲ್ಲಿ ಒಟ್ಟು 33 ಗೇಟುಗಳಿವೆ. ಒಂದರ ಪರೀಕ್ಷೆ ಉಳಿದ 32ರ ಬಗ್ಗೆ ಎಚ್ಚರಿಸುವುದೇ ಈ ವಿಧಾನದ ದೊಡ್ಡ ಲಾಭ.

ಮಿತಿಯೂ ಅಲ್ಲೇ ಇದೆ: ವಿಶ್ಲೇಷಣೆ ನಡೆಯುವುದು ನಷ್ಟವಾದ ಮೇಲೆ. ಅಗ್ಗದ ಬಿಡಿಭಾಗಕ್ಕೆ ಪ್ರಯೋಗಾಲಯದ ಖರ್ಚು ಗಿಟ್ಟುವುದಿಲ್ಲ. ಲೋಹದ ದೋಷವನ್ನು ಸೂಕ್ಷ್ಮದರ್ಶಕ ತೋರಿಸುತ್ತದೆ. ಆದರೆ ನಿರ್ವಹಣೆಗೆ ಬೇಕಾದ ಗ್ರೀಸಿನ ಬಿಲ್ಲನ್ನು ತಡೆಹಿಡಿದವರು ಯಾರೆಂದು ತೋರಿಸುವುದಿಲ್ಲ.