ಬಿಚ್ಚುವ ಮೊದಲೇ ಕೊಟ್ಟ ದುಡ್ಡು

ದಸರೆ, ದೀಪಾವಳಿಯ ಆನ್‌ಲೈನ್ ಸೇಲ್ ಶುರುವಾದರೆ ಮೋಸಹೋದವರ ಸುದ್ದಿಯೂ ಶುರು. ಎಲ್ಲ ಮೊಬೈಲ್ ತಂದ ಪಿಡುಗು ಎನ್ನುವವರಿದ್ದಾರೆ. ಆದರೆ ಸಕಲೇಶಪುರ, ಆಲೂರಿನಂಥ ಪೇಟೆಗೆ ದೂರದ ಬೆಟ್ಟದ ಸೀಮೆಗಳಿಗೆ ಕಾಣದ ಅಂಗಡಿಯ ಸಾಮಾನು ಬರುವ ದಾರಿ ತೆರೆದದ್ದು ಅಂಚೆಯಿಂದ. ಬ್ರಿಟಿಷ್ ಇಂಡಿಯಾದ ಅಂಚೆ 1877ರಲ್ಲಿ ವಿ.ಪಿ.ಪಿ., ಅಂದರೆ ದುಡ್ಡು ಕೊಟ್ಟು ಪಾರ್ಸಲ್ ಬಿಡಿಸಿಕೊಳ್ಳುವ ವ್ಯವಸ್ಥೆ, ಆರಂಭಿಸಿತು. 1889ರಲ್ಲಿ ಮೈಸೂರು ಸಂಸ್ಥಾನದ ಅಂಚೆ ಆ ಬ್ರಿಟಿಷ್ ಅಂಚೆಯೊಳಗೆ ಸೇರಿತು. ಜಾಹೀರಾತು ನೋಡಿ ಕಾರ್ಡು ಬರೆಯಬೇಕು. ಪಾರ್ಸಲ್ ಬಂದಾಗ ಮೊದಲು ದುಡ್ಡು ಎಣಿಸಿಕೊಡಬೇಕು. ಆಮೇಲಷ್ಟೇ ದಾರ ಕತ್ತರಿಸಿ, ಅರಗು ಒಡೆದು ಒಳಗೇನಿದೆ ಎಂದು ನೋಡುವುದು. ಮೋಸಕ್ಕೆ ಬೇಕಾದ ಸಂದು ಇಲ್ಲೇ ಇತ್ತು. ಸರ್ಕಾರಕ್ಕೂ ಇದು ಗೊತ್ತಿತ್ತು: ಮೋಸದ ಪ್ರಕರಣಗಳಲ್ಲಿ ವಿ.ಪಿ.ಪಿ. ಹಣವನ್ನು ತಡೆಹಿಡಿದು ವಿಳಾಸದಾರರಿಗೆ ಮರಳಿಸುವ ನಿಯಮ ಮಾಡಲು ಅಂಚೆ ಕಾಯ್ದೆಯಲ್ಲಿ ಅವಕಾಶವಿಟ್ಟಿತು. ಹಣ ಅಂಚೆಯ ಕೈಯಲ್ಲಿ ಕೆಲಕಾಲ ನಿಲ್ಲುತ್ತಿದ್ದುದರಿಂದಲೇ ಅದು ಸಾಧ್ಯವಿತ್ತು.

ಸಂತೆಯಲ್ಲೇನು ಮೋಸವಿರಲಿಲ್ಲವೇ ಎಂದು ಕೇಳಬಹುದು. ಖಂಡಿತ ಇತ್ತು, ತೂಕದಲ್ಲಿ ಹೊಡೆಯುವುದು, ಒಳ್ಳೆಯದನ್ನು ಮೇಲಿಟ್ಟು ಜೊಳ್ಳನ್ನು ಕೆಳಗಿಡುವುದು ಹಳೆಯ ವಿದ್ಯೆಗಳೇ. ಆದರೂ ಏಲಕ್ಕಿಯನ್ನು ಬೊಗಸೆಗೆ ಸುರಿದುಕೊಂಡು, ಒಂದು ಕಾಯಿ ಸುಲಿದು ಬೀಜದ ಬಣ್ಣ ನೋಡಿ, ಮೂಸಿದ ಮೇಲೆಯೇ ದರ ಮಾತಾಡಬಹುದಿತ್ತು. ಮಾರಿದವನು ಮುಂದಿನ ವಾರ ಅದೇ ಸಂತೆಗೆ ಬರಬೇಕಾಗಿತ್ತು, ಮುಖ ಮರೆಸಲಾಗದು. ನಕಲಿ ವೆಬ್‌ಸೈಟಿಗೆ ಈ ಭಯವಿಲ್ಲ. ಹಬ್ಬ ಮುಗಿಯುವಷ್ಟರಲ್ಲಿ ಅದೇ ಇರುವುದಿಲ್ಲ.

ಕಾಫಿ ಸೀಮೆಗೆ ಇನ್ನೊಂದು ಕಷ್ಟವಿದೆ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರೇಬಿಕಾ ಕೊಯ್ಲು ಹೆಚ್ಚಾಗಿ ನವೆಂಬರಿನಿಂದ, ರೋಬಸ್ಟಾ ಅದರ ನಂತರ. ಸೇಲ್ ಬರುವುದು ಅದಕ್ಕೂ ಮುಂಚೆ, ಮಳೆಗಾಲ ಕಳೆದು ಸಣ್ಣ ಬೆಳೆಗಾರನ ಕೈ ಖಾಲಿಯಾಗಿರುವಾಗ. ಅರ್ಧ ಬೆಲೆಯ ಆಸೆಗೆ ಬಿದ್ದವರನ್ನು ದಡ್ಡರೆಂದು ಬೈಯುವುದು ಅನ್ಯಾಯ. ಬೆಟ್ಟದ ಮೇಲಿನ ಮನೆಗೆ ಆನ್‌ಲೈನ್ ಬೇಡವೆನ್ನುವುದೂ ಸರಿಯಲ್ಲ. ಹಾಸನಕ್ಕೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ.

ಹಾಗಾದರೆ ಆಗಬೇಕಾದದ್ದು, ಹಣ ಕೈಬಿಡುವ ಮೊದಲು ಮಾರುವವನ ಮುಖ ಕಾಣುವಂತೆ ಮಾಡುವುದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟ ತಾಣವು ತನ್ನ ಹೆಸರು, ವಿಳಾಸ, ದೂರು ಅಧಿಕಾರಿಯ ವಿವರ ತೋರಿಸಲೇಬೇಕು. ಅವು ಕಾಣದ ಕಡೆ ಕೊಳ್ಳಬಾರದು. ಕ್ಯಾಶ್ ಆನ್ ಡೆಲಿವರಿ ಎಂದಾಕ್ಷಣ ನಂಬುವಂತಿಲ್ಲ, ಅದು ಹಳೆಯ ವಿ.ಪಿ.ಪಿ.ಯೇ, ತೆರೆದು ನೋಡಿ ಪಡೆಯುವ ಸೌಲಭ್ಯವಿದ್ದರೆ ಅದನ್ನೇ ಆರಿಸಬೇಕು. ಯುಪಿಐನಲ್ಲಿ ಹಣ ವಾಪಸ್ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತಿ ಎಂದವನು ಕಳ್ಳ. ಮೋಸ ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಯುವ ಅವಕಾಶ ಉಳಿದಿರುತ್ತದೆ.