ಕುದುರೆಬಾಲದ ಗಿಡವೂ ಹೊಳೆಯ ಮರಳೂ

ಇತಿಹಾಸವೆಂದೊಡನೆ ಅರಸರ ವಂಶಾವಳಿ, ಕಲ್ಲಿನ ಶಾಸನ, ಕೋಟೆ ಕೊತ್ತಲಗಳು ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಅದು ತಪ್ಪಲ್ಲ. ಆದರೆ ಅರಸರಿಗಿಂತಲೂ ಮೊದಲು, ಮನುಷ್ಯನೆಂಬ ಪ್ರಾಣಿಗಿಂತಲೂ ಮೊದಲು ಈ ಭೂಮಿಯಲ್ಲಿ ನೆಲೆಯೂರಿ, ಇಂದಿಗೂ ವಂಶ ಮುರಿಯದೆ ಬಾಳುತ್ತಿರುವ ಕೆಲವು ಗಿಡಗಳುಂಟು. ಅವುಗಳ ಚರಿತ್ರೆಯೂ ಚರಿತ್ರೆಯೇ. ಅಂತಹ ಒಂದು ಬಡ ಗಿಡದ ವೃತ್ತಾಂತವನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ನಮ್ಮ ಸೀಮೆಯಲ್ಲಿ ಸರ್ವೆ ಮರವನ್ನು ನೋಡದವರಿಲ್ಲ. ಅದರ ಎಳೆಯ ಕಡ್ಡಿಯೊಂದನ್ನು ಕೈಗೆ ತೆಗೆದುಕೊಂಡು ಮೆಲ್ಲನೆ ಎಳೆದು ನೋಡಿರಿ. ಅದು ಗಿಣ್ಣಿನಲ್ಲಿ ಕಳಚಿಕೊಳ್ಳುತ್ತದೆ. ಪ್ರತಿ ಗಿಣ್ಣಿನ ಸುತ್ತಲೂ ಸಣ್ಣ ಸಣ್ಣ ಹಲ್ಲಿನಂತಹ ಎಲೆಗಳ ಬಳೆ ಇರುತ್ತದೆ. ಈ ಮರಕ್ಕೆ ಸಸ್ಯಶಾಸ್ತ್ರದಲ್ಲಿ ‘ಕ್ಯಾಸುವರೀನ ಈಕ್ವಿಸೆಟಿಫೋಲಿಯ’ ಎಂದು ಹೆಸರು. ‘ಈಕ್ವಿಸೆಟಿಫೋಲಿಯ’ ಎಂದರೆ ಈಕ್ವಿಸೀಟಮ್ ಗಿಡದಂತಹ ಎಲೆಯುಳ್ಳದ್ದು ಎಂದರ್ಥ. ಸರ್ವೆಗೆ ಉಪಮಾನವಾದ ಆ ಈಕ್ವಿಸೀಟಮ್ ಗಿಡವೇ ನಮ್ಮ ಕಥಾನಾಯಕ. ಎರಡಕ್ಕೂ ರೂಪಸಾಮ್ಯವಷ್ಟೆ, ಕುಲ ಬೇರೆ, ಕಾಲ ಬೇರೆ. ಸರ್ವೆ ಹೂ ಬಿಟ್ಟು ಬೀಜ ಕಟ್ಟುವ ಮರ. ಈಕ್ವಿಸೀಟಮ್ಮಿಗೆ ಹೂವೂ ಇಲ್ಲ, ಬೀಜವೂ ಇಲ್ಲ.

ಹೆಸರಿನ ವಿಚಾರದಲ್ಲಿ ಒಂದು ಸ್ವಾರಸ್ಯವುಂಟು. ಲ್ಯಾಟಿನ್ ಭಾಷೆಯಲ್ಲಿ ‘ಈಕ್ವಸ್’ ಎಂದರೆ ಕುದುರೆ, ‘ಸೀಟ’ ಎಂದರೆ ಒರಟು ಕೂದಲು. ನಮ್ಮ ಸಂಸ್ಕೃತದ ‘ಅಶ್ವ’, ಗ್ರೀಕರ ‘ಹಿಪ್ಪೋಸ್’, ರೋಮನರ ‘ಈಕ್ವಸ್’ ಮೂರೂ ಒಂದೇ ಮೂಲದಿಂದ ಕವಲೊಡೆದ ಶಬ್ದಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಗ್ರೀಕ್ ವೈದ್ಯನಾದ ಡಯಾಸ್ಕೊರಿಡೀಸನು ಈ ಜಾತಿಯ ಗಿಡವನ್ನು ‘ಹಿಪ್ಪೂರಿಸ್’ ಎಂದು ಕರೆದು, ರಕ್ತಸ್ರಾವವನ್ನು ತಡೆಯುವ ಮದ್ದೆಂದು ಹೇಳಿದ್ದಾನೆ. ಆ ಪದದ ಅರ್ಥವೂ ಕುದುರೆಬಾಲವೇ. 1753ರಲ್ಲಿ ಸ್ವೀಡನ್ ದೇಶದ ಲಿನೀಯಸನು ಗಿಡಗಳಿಗೆಲ್ಲ ಇಮ್ಮಡಿ ಹೆಸರಿಟ್ಟಾಗ ‘ಈಕ್ವಿಸೀಟಮ್’ ಎಂಬುದು ಶಾಸ್ತ್ರದಲ್ಲಿ ಸ್ಥಿರವಾಯಿತು. ನಾವು ಇದನ್ನು ‘ಕುದುರೆಬಾಲ’ವೆಂದೇ ಕರೆಯೋಣ.

ಹೆಸರು ಕುದುರೆಯದಾದರೂ ಈ ಗಿಡ ಕುದುರೆಗೆ ಹಿತವಲ್ಲ. ಹುಲ್ಲಿನ ಜೊತೆಗೆ ಇದು ಹೆಚ್ಚಾಗಿ ಹೊಟ್ಟೆಗೆ ಸೇರಿದರೆ, ಇದರಲ್ಲಿರುವ ಒಂದು ವಸ್ತು ಕುದುರೆಯ ದೇಹದಲ್ಲಿನ ‘ಬಿ-1’ ಜೀವಸತ್ವವನ್ನು ನಾಶಮಾಡಿ ಕಾಲುಗಳ ಶಕ್ತಿಯನ್ನು ಕುಂದಿಸುತ್ತದೆ. ಮನುಷ್ಯನಿಗಾದರೋ ಇದು ಬಹುಕಾಲ ಉಪಕಾರಿಯಾಗಿತ್ತು. ಮರಳಿನ ಸಾರವಾದ ಸಿಲಿಕ ಇದರ ಕಾಂಡದಲ್ಲಿ ಹೇರಳವಾಗಿರುವುದರಿಂದ ಮುಟ್ಟಿದರೆ ಉಪ್ಪುಕಾಗದದಂತೆ ತರತರಿಯಾಗಿರುತ್ತದೆ. ಯುರೋಪಿನ ಹೆಂಗಸರು ಇದರಿಂದ ಪಾತ್ರೆ ಬೆಳಗುತ್ತಿದ್ದರು. ಜಪಾನಿನ ಬಡಗಿಗಳು ಮರವನ್ನು ನಯಗೊಳಿಸುತ್ತಿದ್ದರು. ವಾದ್ಯಗಾರರು ಕ್ಲಾರಿಯೊನೆಟ್ಟಿನ ಪೀಪಿಯನ್ನು ಇದರಿಂದ ಉಜ್ಜಿ ಹದಗೊಳಿಸುವುದು ಇಂದಿಗೂ ರೂಢಿಯಲ್ಲಿದೆ.

ಇನ್ನು ಇದರ ಪೂರ್ವಜರ ವಿಷಯ. ಸುಮಾರು 30 ಕೋಟಿ ವರ್ಷಗಳ ಹಿಂದೆ ಭೂಮಿಯ ಜೌಗು ಪ್ರದೇಶಗಳಲ್ಲಿ ‘ಕ್ಯಾಲಮೈಟಿಸ್’ ಎಂಬ ಮರಗಳು ಬೆಳೆಯುತ್ತಿದ್ದವು. ಅವು ಇದೇ ಕುಲದವು. ಗಿಣ್ಣು ಗಿಣ್ಣಾದ ಕಾಂಡದವು. ಕೆಲವು 30 ಮೀಟರುಗಳಷ್ಟು ಎತ್ತರವಾಗುತ್ತಿದ್ದವಂತೆ. ಅಂತಹ ಕಾಡುಗಳು ಕೆಸರಿನಲ್ಲಿ ಹೂತು, ಯುಗಯುಗಗಳ ಭಾರಕ್ಕೆ ಸಿಕ್ಕಿ ಕಲ್ಲಿದ್ದಲಾದವು. ನಮ್ಮ ದೇಶದ ರಾಣಿಗಂಜಿನ ಗಣಿಗಳ ಪದರಗಳಲ್ಲಿ ಇದರ ನಂಟಿನ ‘ಷೈಜೊನ್ಯೂರ’ ಎಂಬ ಗಿಡದ ಅಚ್ಚುಗಳು ದೊರೆತಿವೆ. ಮೈಸೂರು ಸೀಮೆಯ ಬಂಡೆಗಳಾದರೋ ಇದಕ್ಕೂ ಹಿರಿಯವು, 250 ಕೋಟಿ ವರ್ಷಕ್ಕೂ ಹಳೆಯವು. ಅವು ಹುಟ್ಟಿದಾಗ ನೆಲದ ಮೇಲೆ ಗಿಡವೇ ಇರಲಿಲ್ಲ. ಆದುದರಿಂದಲೇ ನಮ್ಮಲ್ಲಿ ಕಲ್ಲಿದ್ದಲು ಇಲ್ಲ. ಕಲ್ಲಿದ್ದಲಿಲ್ಲದ ನಾಡು ಕಾವೇರಿಯನ್ನು ನಂಬಿ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಸಂಗತಿ ತಮಗೆಲ್ಲ ತಿಳಿದದ್ದೇ.

ಆ ಮಹಾವಂಶದಲ್ಲಿ ಈಗ ಉಳಿದಿರುವುದು ಈಕ್ವಿಸೀಟಮ್ ಎಂಬ ಒಂದೇ ಒಂದು ಮನೆ. ಅದರಲ್ಲಿ ಸುಮಾರು 15ರಿಂದ 20 ಜಾತಿಗಳುಂಟು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಇವು ಸ್ವಾಭಾವಿಕವಾಗಿ ಇಲ್ಲ. ನಮ್ಮ ಹಿಮಾಲಯದಲ್ಲಿ ಹಲವು ಜಾತಿಗಳಿವೆ. ದಕ್ಷಿಣಕ್ಕೆ ಇಳಿದು ಬಂದಿರುವುದು ‘ಈಕ್ವಿಸೀಟಮ್ ರ‍್ಯಾಮೊಸಿಸಿಮಮ್’ ಎಂಬುದು. ನೀಲಗಿರಿ, ಪಳನಿ ಬೆಟ್ಟಗಳಲ್ಲಿ ತೊರೆಯ ದಂಡೆಯ ಮರಳಿನಲ್ಲಿ ಇದು ಬೆಳೆಯುತ್ತದೆ.

ಈ ಜಾತಿಗೆ ಹೆಸರು ಬಂದ ಚರಿತ್ರೆ ನಮ್ಮ ನಾಡಿನ ಚರಿತ್ರೆಯ ಅಂಚನ್ನು ತಾಗಿಕೊಂಡೇ ಹೋಗುತ್ತದೆ. ಶ್ರೀರಂಗಪಟ್ಟಣವು ಬಿದ್ದ 1799ರಲ್ಲಿಯೇ ಫ್ರೆಂಚ್ ಪಂಡಿತನಾದ ಡೆಫೊಂಟೇನನು ಉತ್ತರ ಆಫ್ರಿಕದ ಗಿಡವನ್ನು ನೋಡಿ ‘ರ‍್ಯಾಮೊಸಿಸಿಮಮ್’, ಎಂದರೆ ‘ಬಹಳ ಕವಲುಗಳುಳ್ಳದ್ದು’ ಎಂದು ಹೆಸರಿಟ್ಟನು. ಮರುವರ್ಷ, 1800ರಲ್ಲಿ, ಡಾಕ್ಟರ್ ಬುಕಾನನ್ ಎಂಬಾತನು ಗವರ್ನರ್ ಜನರಲನ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬೆಳೆ, ಕಾಲುವೆ, ಮರಮಟ್ಟುಗಳನ್ನು ಬರೆದುಕೊಂಡನು. ಆ ಗ್ರಂಥ 1807ರಲ್ಲಿ ಅಚ್ಚಾಯಿತು. ಆಗ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾಗಿದ್ದವನು ರಾಕ್ಸ್‌ಬರ್ಗ್. ಅವನ ತರುವಾಯ ಆ ತೋಟವನ್ನು ವಹಿಸಿಕೊಂಡವನೂ ಬುಕಾನನನೇ. ರಾಕ್ಸ್‌ಬರ್ಗನು ನಮ್ಮ ದೇಶದ ಕುದುರೆಬಾಲಕ್ಕೆ ‘ಡೆಬೈಲ್’ ಎಂದು ಹೆಸರು ಕೊಟ್ಟಿದ್ದನು. ಆ ಹೆಸರನ್ನು ಜಿನೀವದ ವೋಷೆ ಎಂಬಾತನು 1822ರಲ್ಲಿ ಪ್ರಕಟಿಸಿದನು. ‘ಡೆಬೈಲ್’ ಎಂದರೆ ದುರ್ಬಲ. ಆ ಲ್ಯಾಟಿನ್ ಪದದ ಹೊಟ್ಟೆಯೊಳಗೆ ನಮ್ಮ ‘ಬಲ’ ಶಬ್ದದ ಮೂಲವೇ ಅಡಗಿದೆಯೆಂದು ವ್ಯುತ್ಪತ್ತಿ ಬಲ್ಲವರ ಅಭಿಪ್ರಾಯ. 1962ರಲ್ಲಿ ಅಮೆರಿಕದ ಹಾಕ್ ಎಂಬ ವಿದ್ವಾಂಸರು ಎರಡನ್ನೂ ಹೋಲಿಸಿ, ಆಫ್ರಿಕದ ಗಿಡವೂ ನಮ್ಮದೂ ಒಂದೇ ಜಾತಿ, ನಮ್ಮದು ಅದರ ಉಪಜಾತಿ ಎಂದು ನಿರ್ಣಯಿಸಿದರು.

ಹೀಗೆ ಆಫ್ರಿಕ, ಯುರೋಪು, ಏಷ್ಯಗಳಲ್ಲೆಲ್ಲ ಹಬ್ಬಿರುವ ಗಿಡ ದುರ್ಬಲವೆಂತು ಎಂದು ತಾವು ಕೇಳಬಹುದು. ಉತ್ತರವನ್ನು ಇಂಗ್ಲೆಂಡಿನಲ್ಲಿ ನೋಡಬೇಕು. ಅಲ್ಲಿ 1947ರಲ್ಲಿ ಲಿಂಕನ್‌ಷೈರ್ ಎಂಬ ಪ್ರಾಂತದ ಹೊಳೆದಂಡೆಯಲ್ಲಿ ಈ ಗಿಡ ಕಾಣಿಸಿಕೊಂಡಿತು. ಅದು ಆ ನೆಲದ್ದೇ ಅಥವಾ ಹೊರಗಿನಿಂದ ಬಂದದ್ದೇ ಎಂಬ ಚರ್ಚೆ ನಡೆಯಿತು. ಚರ್ಚೆ ಏನೇ ಇರಲಿ, 1981ರ ವನ್ಯಜೀವಿ ಕಾಯಿದೆಯಲ್ಲಿ ಅದನ್ನು ರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿಸಿದರು. ಅದನ್ನು ಕಿತ್ತವನು ಅಲ್ಲಿ ಅಪರಾಧಿ. ಕಾರಣವೇನು? ಜಾತಿ ಲೋಕದಲ್ಲಿ ಎಷ್ಟೇ ವಿಶಾಲವಾಗಿ ಹರಡಿರಲಿ, ಒಂದು ದೇಶದಲ್ಲಿ ಅದರ ನೆಲೆ ಒಂದೆರಡು ಮಾರು ದಂಡೆಯಷ್ಟೇ ಆದರೆ, ಆ ದಂಡೆ ಹೋದ ದಿನ ಆ ದೇಶದಲ್ಲಿ ಅದರ ಚರಿತ್ರೆ ಮುಗಿಯಿತು. ಒಂದು ಮನೆತನ ಹತ್ತು ಊರಲ್ಲಿದ್ದರೂ ನಮ್ಮೂರಿನ ಮನೆಗೆ ಬೀಗ ಬಿದ್ದರೆ ನಮಗೆ ನಷ್ಟವಲ್ಲವೆ?

ಇದರ ನೆಲೆ ಏಕೆ ಅಷ್ಟು ಕಿರಿದು ಎಂಬುದನ್ನು ತಿಳಿಯಲು ಅದರ ಸಂಸಾರವನ್ನು ಸ್ವಲ್ಪ ನೋಡಬೇಕು. ಕಾಂಡದ ತುದಿಯ ಪುಟ್ಟ ತೆನೆಯಲ್ಲಿ ಹಸುರು ಬೀಜಾಣುಗಳು ಆಗುತ್ತವೆ. ಒಂದೊಂದಕ್ಕೂ ನಾಲ್ಕು ಪಟ್ಟಿಗಳು. ಗಾಳಿ ಒಣಗಿದರೆ ಬಿಚ್ಚಿಕೊಳ್ಳುತ್ತವೆ, ತೇವವಾದರೆ ಸುತ್ತಿಕೊಳ್ಳುತ್ತವೆ. ಈ ಕೈಗಳ ಬಲದಿಂದ ಬೀಜಾಣು ಹಾರುತ್ತದೆ. ಆದರೆ ಅದರ ಆಯುಸ್ಸು ಬಹಳ ಅಲ್ಪ. ಅಷ್ಟರೊಳಗೆ ತೇವವುಳ್ಳ, ಬೇರೆ ಗಿಡ ಮುಚ್ಚಿಕೊಳ್ಳದ ಬರಿಯ ನೆಲ ಸಿಕ್ಕಬೇಕು. ಸಿಕ್ಕದಿದ್ದರೆ ಮೊಳೆಯುವುದಿಲ್ಲ. ಇನ್ನೊಂದು ದಾರಿಯುಂಟು. ಇದರ ಕಾಂಡ ಮಣ್ಣಿನೊಳಗೆ ಆಳವಾಗಿ ಹರಿದಾಡುತ್ತದೆ. ಪ್ರವಾಹ ಬಂದು ದಂಡೆಯನ್ನು ಕೊರೆದಾಗ ಅದರ ತುಂಡುಗಳು ತೇಲಿಹೋಗಿ, ನೀರು ಇಳಿದಲ್ಲಿ ಹೊಸ ಮರಳಿನಲ್ಲಿ ಚಿಗುರುತ್ತವೆ. ಎಂದರೆ ನಾವು ಹಾನಿಯೆಂದು ಹೆದರುವ ಹೊಳೆಯ ಏರಿಳಿತವೇ ಇದಕ್ಕೆ ತವರು. ಹೊಳೆ ಏರಬೇಕು, ಇಳಿಯಬೇಕು, ಹೊಸ ಮರಳನ್ನು ತಂದು ಹಾಸಬೇಕು.

ಈಗ ನಮ್ಮ ಹೊಳೆಗಳ ಕಡೆಗೆ ತಿರುಗೋಣ. ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಕಪಿಲೆ ಬಂದು ಕೂಡುತ್ತಾಳೆ. ಸ್ಫಟಿಕ ಸರೋವರವೂ ಸೇರಿ ತ್ರಿವೇಣಿಯೆಂದು ಜನ ನಂಬುತ್ತಾರೆ. ಅಗಸ್ತ್ಯೇಶ್ವರನ ಲಿಂಗವನ್ನು ಋಷಿಯು ಮರಳಿನಿಂದಲೇ ಮಾಡಿದನೆಂಬ ಐತಿಹ್ಯವಿದೆ. ಎದುರು ದಡದ ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿಯಿದೆ. ಮರಳಿನ ದೇವರು, ಗಿಡದ ಕಾಳು ಹಿಡಿದ ದೇವರು! ಹೊಳೆಯ ದಂಡೆಯನ್ನು ನಮ್ಮ ಹಿರಿಯರು ಎಷ್ಟು ಹತ್ತಿರದಿಂದ ಕಂಡಿದ್ದರೆಂಬುದಕ್ಕೆ ಇವೇ ಸಾಕ್ಷಿ. ಇನ್ನೂ ಹಿಂದಕ್ಕೆ ಹೋದರೆ, 1959ರಿಂದ 1965ರವರೆಗೆ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಇಲ್ಲಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ಜನರ ಸಮಾಧಿಗಳೂ ಸುಟ್ಟ ಮಣ್ಣಿನ ತಲೆದಿಂಬುಗಳೂ ದೊರೆತವು. ಸಾವಿರಾರು ವರ್ಷಗಳ ಹಿಂದೆಯೇ ಈ ದಂಡೆಯಲ್ಲಿ ಜನ ಬಾಳಿದ್ದರು.

ಅಂದಿನಿಂದ ಮನುಷ್ಯನು ಹೊಳೆಯನ್ನು ತಿದ್ದುತ್ತಲೇ ಬಂದಿದ್ದಾನೆ. ತಲಕಾಡಿನ ಮರಳಿಗೆ ಅಲಮೇಲಮ್ಮನ ಶಾಪ ಕಾರಣವೆಂದು ಜನ ಹೇಳುತ್ತಾರೆ. ಅಲ್ಲಿಗೆ ಸಮೀಪದ ಮಾಧವಮಂತ್ರಿ ಅಣೆಕಟ್ಟಿನಿಂದ ನೀರಿನ ಓಟ ಬದಲಾಗಿ, ಬಯಲಾದ ಮರಳನ್ನು ಗಾಳಿ ಊರಿನ ಮೇಲೆ ತಂದು ಸುರಿಯಿತೆಂದು ಕೆಲವು ಶಾಸ್ತ್ರಜ್ಞರ ಮತ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1924ರಲ್ಲಿ ಕಾವೇರಿಯ ಮಹಾಪೂರ ಬಂದಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಪಿಲೆಗೂ ಕಟ್ಟೆಯಾಯಿತು. ಈ ಕಟ್ಟೆಗಳಿಂದ ಗದ್ದೆ ಹಸುರಾದವು, ಮನೆಮನೆಗೆ ನೀರು ದೀಪಗಳು ಬಂದವು. ಅದನ್ನು ಹಳಿಯುವುದು ಕೃತಘ್ನತೆ. ಆದರೆ ಕಟ್ಟೆಯ ಹಿಂದೆ ನೀರು ನಿಂತಾಗ ಮರಳೂ ಅಲ್ಲಿಯೇ ತಂಗುತ್ತದೆ. ಕೆಳಗಿನ ಹೊಳೆಗೆ ಹೊಸ ಮರಳು ಕಡಮೆಯಾಗುತ್ತದೆ. 2018, 2019ರಂತೆ ಕಪಿಲೆ ಉಕ್ಕಿ ನಂಜನಗೂಡಿನ ದಂಡೆಯನ್ನು ಮುಳುಗಿಸುವ ವರ್ಷಗಳು ಈಗಲೂ ಬರುತ್ತವೆ. ಆದರೆ ಪ್ರತಿ ಮಳೆಗಾಲದ ಸಹಜವಾದ ಏರಿಳಿತ ಹಿಂದಿನಂತಿಲ್ಲ.

ಇದರ ಮೇಲೆ, ಇದ್ದ ಮರಳನ್ನೂ ಮನೆ ಕಟ್ಟಲೆಂದು ಲಾರಿಗಳಲ್ಲಿ ಹೊತ್ತುಕೊಂಡು ಹೋದರು. ಐದು ಹೆಕ್ಟೇರಿಗಿಂತ ಸಣ್ಣ ಗಣಿಗೂ ಪರಿಸರದ ಅನುಮತಿ ಬೇಕೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಬೇಕಾಯಿತು. ಮರಳೆಂದರೆ ನಮಗೆ ಗಾರೆಯ ಸಾಮಗ್ರಿ. ನೀರನ್ನು ಹಿಡಿದಿಡುವ, ಆಮೆ ಮೊಟ್ಟೆಯಿಡುವ, ಕುದುರೆಬಾಲದಂತಹ ಗಿಡಗಳು ಮೊಳೆಯುವ ಹಾಸಿಗೆ ಅದೇ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ತಲಕಾಡಿನ ಒಣ ದಿಬ್ಬವಲ್ಲ ನಾನು ಹೇಳುತ್ತಿರುವುದು. ನೀರಿನ ಅಂಚಿನ, ಕೈಯಿಟ್ಟರೆ ತಣ್ಣಗಿರುವ ಹಸಿ ಮರಳು. ಅದು ಹೋದರೆ ಅದರ ಮೇಲಿದ್ದದ್ದೂ ಹೋಗುತ್ತದೆ. ಹೋದದ್ದು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ. ಕೋಟಿ ಕೋಟಿ ವರ್ಷಗಳ ಪ್ರಳಯಗಳನ್ನು ದಾಟಿ ಬಂದ ವಂಶಕ್ಕೆ ನಮ್ಮ ಒಂದು ತಲೆಮಾರಿನ ಅವಸರವನ್ನು ದಾಟುವುದು ಕಷ್ಟವಾಗಬಾರದು.

ಓದುಗರಲ್ಲಿ ಒಂದು ಬಿನ್ನಹ. ರಜೆಯಲ್ಲಿ ತಾವು ಹೊಳೆದಂಡೆಗೋ ಬೆಟ್ಟದ ತೊರೆಗೋ ಮಕ್ಕಳೊಡನೆ ಹೋಗುತ್ತೀರಿ. ಎಲೆಯಿಲ್ಲದ, ಟೊಳ್ಳಾದ, ಗೆರೆಗೆರೆಯಾದ ಹಸುರು ಕಾಂಡ, ಗಿಣ್ಣಿಗೊಂದು ಹಲ್ಲಿನ ಬಳೆ, ಮುಟ್ಟಿದರೆ ತರತರಿ — ಇಂತಹ ಗಿಡ ಕಂಡರೆ ಬುಡಸಮೇತ ಕೀಳಬೇಡಿ. ಸ್ಥಳವನ್ನೂ ದಿನವನ್ನೂ ಬರೆದುಕೊಳ್ಳಿ. ಒಂದೇ ಒಂದು ಕಡ್ಡಿಯನ್ನು ಹಳೆಯ ವೃತ್ತಪತ್ರಿಕೆಯ ನಡುವೆ ಒಣಗಿಸಿ, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ. 1955ರಿಂದ ಕೊಯಮತ್ತೂರಿನಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ದಕ್ಷಿಣ ಶಾಖೆಯಿದೆ. ಅಧ್ಯಾಪಕರು ಅಲ್ಲಿಯವರೊಡನೆ ವಿಚಾರಿಸಬಲ್ಲರು. ಒಂದು ಶಾಸನ ದೊರೆತರೆ ಅದರ ಪಡಿಯಚ್ಚು ತೆಗೆದು, ದೊರೆತ ಊರು, ಹೊಲ, ದಿಕ್ಕುಗಳನ್ನು ಗುರುತಿಸಿಡುತ್ತೇವಷ್ಟೆ. ಗಿಡದ ವಿಷಯದಲ್ಲಿಯೂ ಆ ಶ್ರದ್ಧೆಯೇ ಸಾಕು.